ಮನೋನಕ್ಷೆಯೂ ಆರು ಮಂದಿಯ ಮರವೂ

ಶ್ರವಣಬೆಳಗೊಳಕ್ಕೆ ಹೋದವರು ಸಾಮಾನ್ಯವಾಗಿ ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ, ಇಳಿದು, ಎಳನೀರು ಕುಡಿದು ಊರಿಗೆ ಮರಳುತ್ತಾರೆ. ಕೆಳಗೆ ಊರೊಳಗಿನ ಜೈನಮಠದ ಗೋಡೆಗಳನ್ನು ನಿಂತು ನೋಡುವವರು ಕಡಮೆ. ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು, ತೀರ್ಥಂಕರರ ಚರಿತ್ರೆ ಮೊದಲಾದುವನ್ನು ಬಿಡಿಸಿರುವ ಆ ಗೋಡೆಗಳ ಮೇಲೆ ಒಂದು ಮರದ ಚಿತ್ರವೂ ಉಂಟು; ಮರದೊಡನೆ ಆರು ಮಂದಿ. ಕಥೆ ಹೀಗಿದೆ: ಹಸಿದ ಆರೂ ಜನಕ್ಕೆ ಬೇಕಾದುದು ಹಣ್ಣು. ಒಬ್ಬನು ಮರವನ್ನು ಬುಡಸಹಿತ ಕೀಳಹೊರಡುತ್ತಾನೆ. ಎರಡನೆಯವನು ಕಾಂಡಕ್ಕೆ ಕೊಡಲಿ ಹಾಕಬೇಕೆನ್ನುತ್ತಾನೆ. ಮೂರನೆಯವನಿಗೆ ಕೊಂಬೆ, ನಾಲ್ಕನೆಯವನಿಗೆ ರೆಂಬೆ ಸಾಕು. ಐದನೆಯವನು ಹಣ್ಣನ್ನು ಮಾತ್ರ ಬಿಡಿಸುತ್ತಾನೆ. ಆರನೆಯವನು ಉದುರಿದ್ದನ್ನು ಆಯ್ದು ತಿನ್ನುತ್ತಾನೆ. ಜೈನರು ಇದನ್ನು ಷಟ್‌ಲೇಶ್ಯೆಗಳ ದೃಷ್ಟಾಂತವೆನ್ನುತ್ತಾರೆ. ಮನಸ್ಸಿನ ಪರಿಣಾಮಕ್ಕೆ ತಕ್ಕಂತೆ ಆತ್ಮಕ್ಕೆ ಕಪ್ಪಿನಿಂದ ಬಿಳುಪಿನವರೆಗೆ ಆರು ಬಣ್ಣಗಳು ಅಂಟುತ್ತವೆಂಬುದು ಅದರ ತಾತ್ಪರ್ಯ.

ಅಕ್ಷರ ಬಾರದವನಿಗೂ ಒಂದು ನೋಟದಲ್ಲಿ ತಿಳಿಯುವ ಈ ಚಿತ್ರವನ್ನು ಇಲ್ಲಿ ನೆನೆಯಲು ಕಾರಣವುಂಟು. ಇದೇ ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಂಥ ಕಡೆಗಳಲ್ಲಿಯೂ ಈಗ ವಿದ್ಯಾರ್ಥಿಗಳ ಬಾಯಲ್ಲಿ ‘ಮೈಂಡ್ ಮ್ಯಾಪ್’ ಎಂಬ ಮಾತು ಕೇಳಿಬರುತ್ತದೆ. ನಾವು ಇದನ್ನು ಮನೋನಕ್ಷೆ ಎಂದು ಕರೆಯೋಣ. ಹಾಳೆಯ ನಡುವೆ ವಿಷಯವನ್ನು ಬರೆದು, ಅದರಿಂದ ಬಣ್ಣಬಣ್ಣದ ಕೊಂಬೆಗಳನ್ನು ಚಾಚಿ, ಕೊಂಬೆಗೊಂದು ಮಾತನ್ನು ಇಟ್ಟು ಬೆಳೆಸುವ ಕ್ರಮವಿದು. ಈ ಹೆಸರನ್ನೂ ಕ್ರಮವನ್ನೂ ಜನಪ್ರಿಯಗೊಳಿಸಿದವನು ಟೋನಿ ಬುಜಾನ್ ಎಂಬ ಆಂಗ್ಲ ಲೇಖಕ, 1974ರಲ್ಲಿ ಬಿ.ಬಿ.ಸಿ. ದೂರದರ್ಶನದ ಮೂಲಕ ಇದು ಮನೆಮನೆಗೆ ಮುಟ್ಟಿತು. ಇದನ್ನು ಕಲಿತರೆ ಪರೀಕ್ಷೆಯಲ್ಲಿ ಜಯ, ಜೀವನದಲ್ಲಿ ಸಿದ್ಧಿ, ಸಭೆಯಲ್ಲಿ ವಶೀಕರಣ ಎಂದೆಲ್ಲ ಹೇಳುವವರಿದ್ದಾರೆ. ಇದು ಒಳ್ಳೆಯ ಉಪಕರಣವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಬಳಸುವ ರೀತಿಯಲ್ಲಿ ಎರಡು ದೊಡ್ಡ ತಪ್ಪುಗಳಾಗುತ್ತಿವೆ ಎಂಬುದು ನಮ್ಮ ಅಭಿಪ್ರಾಯ. (ಮಿದುಳಿನ ಎಡಭಾಗ ತರ್ಕಕ್ಕೆ, ಬಲಭಾಗ ಬಣ್ಣಕ್ಕೆ, ನಕ್ಷೆ ಎರಡನ್ನೂ ಎಬ್ಬಿಸುತ್ತದೆ ಎಂಬ ವಿವರಣೆಯನ್ನು ವಾಚಕರು ಬದಿಗಿಡಬಹುದು. ಮಿದುಳಿನ ಕೆಲಸ ಅಷ್ಟು ಸುಲಭವಾಗಿ ಪಾಲಾಗಿಲ್ಲ.)

ಮೊದಲನೆಯ ತಪ್ಪು, ಪುಸ್ತಕವನ್ನು ತೆರೆದಿಟ್ಟುಕೊಂಡು ನಕ್ಷೆ ಬರೆಯುವುದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಕಾರ್ಪಿಕಿ ಮತ್ತು ಬ್ಲಂಟ್ ಎಂಬವರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪು ವಿಜ್ಞಾನದ ಪಾಠವನ್ನು ಎದುರಿಗಿಟ್ಟುಕೊಂಡು ಪರಿಕಲ್ಪನಾನಕ್ಷೆಯನ್ನು ಬರೆಯಿತು. ಇದು ಮನೋನಕ್ಷೆಯ ಹತ್ತಿರದ ಬಂಧು. ಇನ್ನೊಂದು ಗುಂಪು ಪಾಠವನ್ನು ಮುಚ್ಚಿಟ್ಟು ನೆನಪಿಗೆ ಬಂದುದನ್ನು ಬರೆದು, ಮತ್ತೆ ಓದಿ, ಮತ್ತೆ ನೆನೆದು ಬರೆಯಿತು. ವಾರದ ಮೇಲೆ ಪರೀಕ್ಷಿಸಿದಾಗ ಗೆದ್ದುದು ನೆನೆದು ಬರೆದ ಗುಂಪು. ಪರೀಕ್ಷೆಯಾಗಿ ನಕ್ಷೆಯನ್ನೇ ಬರೆಸಿದಾಗಲೂ ಅವರದೇ ಮೇಲುಗೈ! ಸ್ವಾರಸ್ಯವೇನೆಂದರೆ, ಹೀಗಾದೀತೆಂದು ಆ ವಿದ್ಯಾರ್ಥಿಗಳು ತಾವೇ ಊಹಿಸಿರಲಿಲ್ಲ. ಬಣ್ಣದ ಕೊಂಬೆಗಳನ್ನು ಎಳೆಯುವಾಗ ಕಲಿತಂತೆ ತೋರುತ್ತದೆ. ನಿಜಕ್ಕೂ ನಡೆದಿರುವುದು ನಕಲು. ಅದೇ ಸಂಶೋಧಕರು 2014ರಲ್ಲಿ ಪಾಠವನ್ನು ಮುಚ್ಚಿಟ್ಟು ನಕ್ಷೆ ಬರೆಸಿ ನೋಡಿದರು. ಆಗ ನಕ್ಷೆಯೂ ನೆನೆದು ಬರೆಯುವುದಕ್ಕೆ ಸಮನಾಯಿತು. ಆದ್ದರಿಂದ ಕಾಲೇಜಿನ ಮಿತ್ರರೇ, ಮೊದಲು ಪುಸ್ತಕವನ್ನು ಮುಚ್ಚಿರಿ. ಬರಿದಾಗಿ ಉಳಿಯುವ ಕೊಂಬೆಯೇ ನೀವು ಮತ್ತೆ ಓದಬೇಕಾದ ಪುಟವನ್ನು ತೋರಿಸುತ್ತದೆ.

ಗುರಿಸಾಧನೆಯ ನಕ್ಷೆಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ‘ವೈದ್ಯ’ ಎಂದು ನಡುವೆ ಬರೆದು ಸುತ್ತ ಸೂರ್ಯಕಿರಣಗಳನ್ನು ಎಳೆದರೆ ಹಿತವಾಗುತ್ತದೆ, ಅಷ್ಟೆ. ಮನಶ್ಶಾಸ್ತ್ರಜ್ಞ ಗೋಲ್ವಿಟ್ಜರ್ 1999ರಲ್ಲಿ ತೋರಿಸಿದಂತೆ, ಬರಿಯ ಸಂಕಲ್ಪಕ್ಕಿಂತ ‘ಇಂಥ ಹೊತ್ತಿನಲ್ಲಿ, ಇಂಥ ಕಡೆಯಲ್ಲಿ, ಇದನ್ನು ಮಾಡುವೆ’ ಎಂಬ ನಿಶ್ಚಯವು ಬಹಳ ಹೆಚ್ಚು ಫಲ ಕೊಡುತ್ತದೆ. ಕೊಂಬೆಯ ತುದಿಯಲ್ಲಿ ಹೊತ್ತೂ ಜಾಗವೂ ಇರಬೇಕು.

ಎರಡನೆಯ ತಪ್ಪು ನಮ್ಮನ್ನು ಹೆಚ್ಚು ಕಾಡುತ್ತದೆ. ದಂಡಿಗನಹಳ್ಳಿ ಕಡೆಯ ಒಬ್ಬ ಹೈಸ್ಕೂಲು ಹುಡುಗಿ ಮಕ್ಕಳ ಗ್ರಾಮಸಭೆಯಲ್ಲಿ ಊರ ಕೆರೆಯ ಹೂಳೆತ್ತಿಸಬೇಕೆಂದು ವಾದಿಸಲಿದ್ದಾಳೆ ಎಂದಿಟ್ಟುಕೊಳ್ಳೋಣ. ಹಾಳೆಯ ನಡುವೆ ‘ಕೆರೆ’. ಕೊಂಬೆಗಳು: ಹೂಳು, ಕೊಳವೆಬಾವಿ, ತೆಂಗು, ದನಕರು, ಖರ್ಚು, ಒತ್ತುವರಿ. ಹೊಳೆದುದೆಲ್ಲ ಬಂದಿತು, ಇಲ್ಲಿಯವರೆಗೆ ನಕ್ಷೆಯ ಉಪಕಾರ ದೊಡ್ಡದು. ಆದರೆ ಈ ಹಾಳೆಯನ್ನೇ ಹಿಡಿದು ಎದ್ದು ನಿಂತರೆ ಆಕೆ ಕೊಂಬೆಯಿಂದ ಕೊಂಬೆಗೆ ಹಾರಬೇಕಾಗುತ್ತದೆ. ಏಕೆಂದರೆ ಕೊಂಬೆಗೆ ಒಂದೇ ಮಾತು ಎಂಬ ನಿಯಮದಲ್ಲಿ ‘ಏಕೆಂದರೆ’, ‘ಆದ್ದರಿಂದ’, ‘ಆದರೂ’ ಎಂಬ ಮಾತುಗಳಿಗೆ ಎಡೆಯಿಲ್ಲ. ವಾದವೆಂಬುದು ಇರುವುದೇ ಆ ಮಾತುಗಳಲ್ಲಿ. ಕಾರ್ನೆಲ್ ವಿಶ್ವವಿದ್ಯಾನಿಲಯದ ಜೋಸೆಫ್ ನೊವಾಕ್ 1970ರ ದಶಕದಲ್ಲಿ ರೂಪಿಸಿದ ಪರಿಕಲ್ಪನಾನಕ್ಷೆಯಲ್ಲಿ ಗೆರೆಯ ಮೇಲೆಯೇ ಸಂಬಂಧಸೂಚಕ ಪದವನ್ನು ಬರೆಯತಕ್ಕದ್ದೆಂಬ ನಿಯಮವುಂಟು. ನಮ್ಮ ಹುಡುಗಿ ಅದನ್ನು ಎರವಲು ಪಡೆಯಲಿ. ಹೂಳು ತುಂಬಿದ್ದರಿಂದ ಕೆರೆಯಲ್ಲಿ ನಿಲ್ಲುವ ನೀರು ಕಡಮೆ. ನೀರು ನಿಲ್ಲದ್ದರಿಂದ ನೆಲದೊಳಕ್ಕೆ ಇಂಗುವುದು ಕಡಮೆ. ಇಂಗದಿದ್ದರೆ ಸುತ್ತಣ ಕೊಳವೆಬಾವಿ ಬತ್ತುತ್ತದೆ. ಬತ್ತಿದರೆ ತೆಂಗಿನ ಗತಿಯೇನು? ಆರು ಕೊಂಬೆಗಳಲ್ಲಿ ಮೂರು ಒಂದೇ ಸರಪಣಿಯಾದುವು. ‘ದನಕರು’ ಈ ಸರಪಣಿಗೆ ಸೇರಲಿಲ್ಲ, ನಿಷ್ಕರುಣೆಯಿಂದ ಬಿಡಬೇಕು. ‘ಒತ್ತುವರಿ’ ಬೇರೆಯೇ ಜಗಳ, ಅದು ಇನ್ನೊಂದು ದಿನಕ್ಕೆ.

ಉಳಿದುದು ‘ಖರ್ಚು’. ಇಲ್ಲಿ ಮಠದ ಗೋಡೆಯ ಮರವನ್ನು ನೆನೆಯಬೇಕು. ಮರ ಒಂದೇ, ನೋಡುವ ಮನಸ್ಸು ಆರು. ಸಭೆಯಲ್ಲಿ ಕುಳಿತವರೂ ಹಾಗೆಯೇ. ಪಂಚಾಯಿತಿ ಸದಸ್ಯನು ಕೆರೆಯಲ್ಲಿ ಲೆಕ್ಕಪತ್ರವನ್ನು ಕಾಣುತ್ತಾನೆ, ತೆಂಗಿನ ತೋಟದವನು ನೀರನ್ನು, ಬೆದ್ದಲು ಹೊಲದವನು ಗೊಬ್ಬರವಾಗಬಲ್ಲ ಗೋಡುಮಣ್ಣನ್ನು, ಮೀನಿನವನು ತನ್ನ ಬಲೆಯನ್ನು. ಹೂಳನ್ನು ಹೊಲಕ್ಕೆ ಹೊಡೆದುಕೊಳ್ಳುವುದು ನಮ್ಮ ರೈತರ ಹಳೆಯ ವಾಡಿಕೆ; ಸಾಗಣೆಯನ್ನು ಅವರೇ ವಹಿಸಿಕೊಂಡರೆ ಖರ್ಚಿನ ಒಂದು ಪಾಲು ತಾನಾಗಿ ಇಳಿಯುತ್ತದೆ. ಇದನ್ನು ಹೇಳಬೇಕಾದುದು ಬೆದ್ದಲಿನವನ ಮುಖ ನೋಡಿ, ಆದರೆ ಸದಸ್ಯನಿಗೆ ಕೇಳಿಸುವಂತೆ. ಅದಕ್ಕಾಗಿ ಆಕೆ ಎರಡನೆಯ ಹಾಳೆಯೊಂದನ್ನು ಬರೆಯಬೇಕು. ಅದರ ನಡುವೆ ಕೆರೆ ಬೇಡ; ಕೇಳುವವರಿರಲಿ, ಒಬ್ಬೊಬ್ಬರಿಗೆ ಒಂದೊಂದು ಕೊಂಬೆ, ತುದಿಯಲ್ಲಿ ಅವರು ಕೇಳಬಹುದಾದ ಪ್ರಶ್ನೆ.

ಬಳಿಕ ಎರಡು ಹಾಳೆಗಳನ್ನೂ ಮಡಿಸಿ ಚೀಲದಲ್ಲಿಟ್ಟು, ಐದು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದುಕೊಂಡು ಸಭೆಗೆ ಹೋಗಲಿ. ಕೇಳುವವನಿಗೆ ಕಿವಿಯೇ ಹೊರತು ಹಾಳೆಯಿಲ್ಲ; ಮಾತು ಅವನನ್ನು ಮುಟ್ಟುವುದು ಒಂದಾದ ಮೇಲೊಂದಾಗಿಯೇ.