ಗನ್ನು ಹಿಡಿದವರೇ ಪೆನ್ನೂ ಹಿಡಿಯಬೇಕು

ಡಿಸೆಂಬರ್ 16 ಬಂದರೆ ವಿಜಯ ದಿವಸ. 1971ರ 13 ದಿನಗಳ ಯುದ್ಧ, 93 ಸಾವಿರ ಪಾಕಿಸ್ತಾನಿಗಳ ಶರಣಾಗತಿ, ಇಷ್ಟು ನಮ್ಮ ಹುಡುಗರಿಗೆ ಬಾಯಿಪಾಠ. ಆದರೆ ಅದಕ್ಕೂ ಮೊದಲು ಎಂಟು ತಿಂಗಳು ಅಲ್ಲಿ ರಕ್ತ ಸುರಿಸಿ ಹೋರಾಡಿದವರು ಯಾರು? ಕೇಳಿ ನೋಡಿ, ಒಂದು ಹೆಸರೂ ಬಾಯಿಗೆ ಬರುವುದಿಲ್ಲ.

ನಾವು ಒಂದು ಹೆಸರು ಹೇಳುತ್ತೇವೆ. ಮೇಜರ್ ರಫೀಕುಲ್ ಇಸ್ಲಾಂ.

ಹುಟ್ಟಿದ್ದು 1943ರಲ್ಲಿ, ಚಾಂದ್‌ಪುರ ಸೀಮೆಯಲ್ಲಿ. ಅವರಿನ್ನೂ ಶಾಲಾ ಹುಡುಗ, 1952ರ ಫೆಬ್ರವರಿ 21ರಂದು ಬಂಗಾಳಿಗೂ ರಾಷ್ಟ್ರಭಾಷೆಯ ಸ್ಥಾನ ಕೊಡಿ ಎಂದ ವಿದ್ಯಾರ್ಥಿಗಳ ಮೇಲೆ ಢಾಕಾದಲ್ಲಿ ಗುಂಡು ಹಾರಿತು. ಗಮನಿಸಿ, ಪಾಕಿಸ್ತಾನದಲ್ಲಿ ಅತಿ ಹೆಚ್ಚು ಜನ ಆಡುತ್ತಿದ್ದ ಭಾಷೆಗೇ ಈ ಗತಿ! ಮುಂದೆ ಆ ಹುಡುಗ ಅದೇ ಪಾಕಿಸ್ತಾನದ ಸೈನ್ಯದ ಅಧಿಕಾರಿಯಾದ.

1970ರ ಚುನಾವಣೆಯಲ್ಲಿ ಶೇಖ್ ಮುಜಿಬ್ ಬಹುಮತ ಗೆದ್ದರು. ಅಧಿಕಾರ ಕೊಡುವ ಬದಲು ಪಶ್ಚಿಮದಿಂದ ಸೈನ್ಯ ಬಂದಿಳಿಯಿತು. ಆಗ ರಫೀಕ್ ಚಿತ್ತಗಾಂಗ್‌ನಲ್ಲಿ ಈಸ್ಟ್ ಪಾಕಿಸ್ತಾನ್ ರೈಫಲ್ಸ್‌ನ ಕ್ಯಾಪ್ಟನ್. ಗಡಿ ಠಾಣೆಗಳ ಬಂಗಾಳಿ ಜವಾನರಿಗೆ ಅವರು ಕೊಟ್ಟ ಗುಟ್ಟಿನ ಮಾತು 'ಕಟ್ಟಿಗೆ'. ಕಟ್ಟಿಗೆ ಹೊಂದಿಸಿಡಿ ಎಂದರೆ ಸಿದ್ಧರಾಗಿ. ಕಟ್ಟಿಗೆ ತನ್ನಿ ಎಂದರೆ ಯುದ್ಧ ಶುರು.

1971ರ ಮಾರ್ಚ್ 24ರಂದು ಆ ಸಂದೇಶ ಹೊರಟಿತ್ತು. ದುಡುಕಬೇಡ ಎಂದು ಇಬ್ಬರು ಹಿರಿಯ ಅಧಿಕಾರಿಗಳು ತಡೆದರು ಎಂದು ರಫೀಕ್ ಬರೆದಿದ್ದಾರೆ. ಮರುದಿನ ಅವರು ಯಾರ ಮಾತಿಗೂ ಕಾಯಲಿಲ್ಲ. ಢಾಕಾದಲ್ಲಿ ನರಮೇಧ ಶುರುವಾಗುವ ಮೊದಲೇ, ರಾತ್ರಿ ಒಂಬತ್ತರೊಳಗೆ ಚಿತ್ತಗಾಂಗ್‌ನಲ್ಲಿ ದಂಗೆ ಎದ್ದರು. ತಡೆದವರಲ್ಲಿ ಒಬ್ಬರಾದ ಕರ್ನಲ್ ಚೌಧುರಿ ಅದೇ ರಾತ್ರಿ ಪಾಕಿಸ್ತಾನಿಗಳ ಕೈಯಲ್ಲಿ ಹತರಾದರು. ಇನ್ನೊಬ್ಬರು ಮೇಜರ್ ಜಿಯಾವುರ್ ರಹಮಾನ್. ಅವರೂ ಆ ರಾತ್ರಿ ತಿರುಗಿಬಿದ್ದರು, 27ರಂದು ಕಾಲೂರ್‌ಘಾಟ್ ರೇಡಿಯೋದಿಂದ ಮುಜಿಬ್ ಹೆಸರಿನಲ್ಲಿ ಸ್ವಾತಂತ್ರ್ಯ ಸಾರಿದರು, ಮುಂದೆ ರಾಷ್ಟ್ರಪತಿಯಾದರು.

ಹನ್ನೊಂದು ಸೆಕ್ಟರ್‌ಗಳಲ್ಲಿ ಮೊದಲನೆಯದಕ್ಕೆ ರಫೀಕ್ ಕಮಾಂಡರ್. ಗೆದ್ದ ಮೇಲೆ 'ಬೀರ್ ಉತ್ತಮ್' ಪದಕ. ಅದಕ್ಕಿಂತ ದೊಡ್ಡದು ಸಿಕ್ಕಿದ್ದು ಏಳೇ ಜನರಿಗೆ. ಏಳೂ ಜನ ಹುತಾತ್ಮರು.

ಪದಕ ತೊಟ್ಟು ಸುಮ್ಮನೆ ಕೂರಲಿಲ್ಲ ಈ ಮನುಷ್ಯ. ಸೈನ್ಯ ಬಿಟ್ಟು ಬರೆಯಲು ಕೂತರು. 1974ರಲ್ಲಿ ಇಂಗ್ಲಿಷಿನಲ್ಲಿ 'ಎ ಟೇಲ್ ಆಫ್ ಮಿಲಿಯನ್ಸ್', ಆಮೇಲೆ ತಮ್ಮವರಿಗಾಗಿ ತಮ್ಮ ಬಂಗಾಳಿಯಲ್ಲೇ ಅದೇ ಕಥೆ. ಬಾಂಗ್ಲಾ ಅಕಾಡೆಮಿ ಪ್ರಶಸ್ತಿಯೂ ಬಂತು.

ಯಾಕೆ ಬರೆಯಬೇಕಿತ್ತು? ಢಾಕಾದಲ್ಲಿ ಸರ್ಕಾರ ಬದಲಾದಾಗಲೆಲ್ಲ ಪಠ್ಯಪುಸ್ತಕ ಬದಲಾಗುತ್ತದೆ. ಸ್ವಾತಂತ್ರ್ಯ ಘೋಷಿಸಿದ್ದು ಮುಜಿಬರೋ ಜಿಯಾ ಅವರೋ ಎಂಬ ಜಗಳ 2025ರ ಪುಸ್ತಕಗಳವರೆಗೂ ಬಂದು ನಿಂತಿತು. ರಫೀಕ್ ಕೂಡ ಮುಜಿಬರ ಪಕ್ಷದವರೇ, 1996ರ ಸರ್ಕಾರದಲ್ಲಿ ಗೃಹಮಂತ್ರಿಯಾದವರೇ. ಅವರು ಬರೆದದ್ದೇ ವೇದವಾಕ್ಯ ಎನ್ನಬೇಡಿ. ಆದರೆ ಅದು ಸ್ಥಳದಲ್ಲಿದ್ದವರ ಸಾಕ್ಷಿ. ತಪ್ಪಿದ್ದರೆ ಇನ್ನೊಬ್ಬ ಸಾಕ್ಷಿ ಎದ್ದು ನಿಂತು ಅಲ್ಲ ಎನ್ನಬಹುದು. ಸಾಕ್ಷಿಯೇ ಬಾಯಿ ಬಿಡದಿದ್ದರೆ? ಅಧಿಕಾರದಲ್ಲಿ ಕೂತವನು ಹೇಳಿದ್ದೇ ಇತಿಹಾಸ!

ಗೆಳೆಯರೇ, 1971ರಲ್ಲಿ ಗಡಿಯಲ್ಲಿದ್ದ ಕನ್ನಡಿಗ ಯೋಧರು ನಮ್ಮ ಬಡಾವಣೆಗಳಲ್ಲೂ ಇದ್ದಾರೆ. ಎಂಬತ್ತರ ಹತ್ತಿರ ಬಂದವರು. ಹಾರ ಹಾಕಿ ಫೋಟೋ ತೆಗೆಸಿಕೊಂಡರೆ ಸಾಲದು. ಪಕ್ಕದಲ್ಲಿ ಕೂತು ಕೇಳಿ. ಕೇಳಿದ್ದನ್ನು ಕನ್ನಡದಲ್ಲಿ ಬರೆದಿಡಿ. ಅಚ್ಚು ಹಾಕುವ ಪ್ರೆಸ್ಸುಗಳಿಗೆ ಈ ನಾಡಿನಲ್ಲಿ ಬರವಿಲ್ಲ, ಬರವಿರುವುದು ಬರೆದು ತಂದುಕೊಡುವ ಕೈಗಳಿಗೆ.