ಸಾಲುಮರಗಳೂ ಪಟ್ಟಣದ ಗಾಳಿಯೂ

ರಸ್ತೆಯ ಅಂಚಿನ ಮರವು ಪಕ್ಕದ ಹೊಲಕ್ಕೆ ನೆರಳು ಕವಿಸಿ ಫಸಲನ್ನು ಕುಂದಿಸುವುದೆಂದು ಜಮೀನುದಾರರು ಹೇಳುವ ಮಾತು ಸುಳ್ಳಲ್ಲ. ಆದರೆ ಈ ತೊಂದರೆಗೆ ಕೊಡಲಿಯೇ ಮದ್ದೆಂದು ಭಾವಿಸುವುದು ಸರಿಯಲ್ಲ. ಹೊಲದಂಚಿನಲ್ಲಿ ಕಂದಕ ತೋಡಿ ಬೇರುಗಳನ್ನು ತಡೆದು, ಅಪ್ಪಣೆ ಪಡೆದು ಹೊಲದ ಕಡೆಯ ಕೊಂಬೆಗಳನ್ನು ಸವರಿಸಿದರೆ ನಷ್ಟವು ಬಹುಮಟ್ಟಿಗೆ ತಗ್ಗುವುದು.

ಪಟ್ಟಣಗಳ ಗಾಳಿಯನ್ನು ಶುದ್ಧಗೊಳಿಸಲು ಕೇಂದ್ರ ಸರ್ಕಾರವು ೨೦೧೯ರಲ್ಲಿ ಕೈಗೊಂಡ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳು ಸೇರಿವೆ. ಮರಗಳಷ್ಟೇ ಹೊಗೆಯನ್ನು ನೀಗಲಾರವು. ಅದನ್ನು ಹುಟ್ಟುವೆಡೆಯಲ್ಲಿಯೇ ತಗ್ಗಿಸತಕ್ಕದ್ದು. ಆದರೂ ದಾರಿಯ ಧೂಳನ್ನು ಎಲೆಗಳ ಮೇಲೆ ತಡೆದಿಟ್ಟು, ಬಿಸಿಲಿನ ತಾಪವನ್ನು ತಗ್ಗಿಸುವ ಮರಗಳನ್ನು ಕಡಿದು ಗಾಳಿಯ ಶುದ್ಧಿಯನ್ನು ಬಯಸುವುದು ವಿವೇಕವಲ್ಲ. ಪಟ್ಟಣಕ್ಕೆ ಹೋಗುವ ದಾರಿಗಳು ನಮ್ಮ ಗ್ರಾಮಗಳ ಎಲ್ಲೆಯಲ್ಲಿಯೇ ಹಾಯುವುದರಿಂದ ಈ ಹೊಣೆಯಲ್ಲಿ ನಮಗೂ ಪಾಲುಂಟು.

ಮಾಗಡಿ ತಾಲ್ಲೂಕಿನ ಹುಲಿಕಲ್ಲು-ಕುದೂರು ದಾರಿಯಲ್ಲಿ ೩೮೫ ಆಲದ ಮರಗಳನ್ನು ಬೆಳೆಸಿ, ೨೦೨೫ರಲ್ಲಿ ದಿವಂಗತರಾದ ಸಾಲುಮರದ ತಿಮ್ಮಕ್ಕನವರು ಸ್ವಂತ ಜಮೀನುಳ್ಳವರಾಗಿರಲಿಲ್ಲ. ೨೦೧೯ರಲ್ಲಿ ರಸ್ತೆ ಅಗಲಿಸುವ ಯೋಜನೆಯಿಂದ ಆ ಮರಗಳಿಗೆ ಅಪಾಯವೊದಗಲು, ಆಕೆಯೇ ಸರ್ಕಾರಕ್ಕೆ ಮೊರೆಯಿಟ್ಟರು. ಸರ್ಕಾರವು ಅವುಗಳನ್ನು ಉಳಿಸಲು ಒಪ್ಪಿತು.

ಕೂಲಿಯಿಂದ ಬದುಕಿದ ಹೆಂಗಸೊಬ್ಬಳ ಮಾತಿಗೇ ಇಷ್ಟು ಬೆಲೆಯಿರುವಾಗ, ಗ್ರಾಮದ ಮುಖಂಡರ ಮಾತಿಗೆ ಇಲ್ಲದಿರುವುದೇ? ರಸ್ತೆ ಅಗಲಿಸುವ ಪ್ರಸ್ತಾಪವು ಬಂದೊಡನೆ, ಒಂದೇ ಪಕ್ಕಕ್ಕೆ ಅಗಲಿಸಿ ಇನ್ನೊಂದು ಪಕ್ಕದ ಸಾಲನ್ನಾದರೂ ಉಳಿಸಬೇಕೆಂದು ಬರೆಹದ ಮೂಲಕ ಬಿನ್ನವಿಸಿಕೊಳ್ಳಿರಿ. ೧೯೭೬ರ ವೃಕ್ಷ ಸಂರಕ್ಷಣಾ ಕಾನೂನಿನಂತೆ ವೃಕ್ಷಾಧಿಕಾರಿಯ ಅಪ್ಪಣೆಯಾಗಿದೆಯೇ ಎಂದು ವಿಚಾರಿಸಿರಿ. ಇಂದು ನೆಟ್ಟ ಸಸಿಯು ನಾಳೆಯೇ ನೆರಳು ಕೊಡಲಾರದೆಂಬುದು ವ್ಯವಸಾಯಗಾರರಿಗೆ ಹೇಳಿಕೊಡಬೇಕಾದ ಮಾತಲ್ಲ.