ಚೋರ್ಲಾ ಘಟ್ಟದ ಪ್ರವಾಸಿಗ ಮತ್ತು ಅಥಣಿ ಸೀಮೆಯ ಸರಕು

ಪಣಜಿ ನಗರದ ನಿವಾಸಿಗಳಿಗೆ ಚಳಿಗಾಲದ ಭಾನುವಾರವೆಂದರೆ ಘಟ್ಟದ ದಾರಿ ಹಿಡಿಯುವ ದಿನ. ಸಮುದ್ರ ತೀರದ ಸೆಕೆಯಿಂದ ಹೊರಟು ಸಾಖಳಿ, ಕೇರಿ ದಾಟಿ ತಿರುವುಗಳನ್ನು ಏರಿದರೆ ಎರಡು ತಾಸಿನೊಳಗಾಗಿ ಚೋರ್ಲಾ ಘಟ್ಟದ ತಂಪು ಗಾಳಿ ಎದುರಾಗುತ್ತದೆ. ಮಳೆಗಾಲದಲ್ಲಿ ಮಂಜು ಮುಸುಕಿ, ಆಗಾಗ ದರೆ ಕುಸಿದು ಅಂಜಿಕೆ ಹುಟ್ಟಿಸುವ ಈ ರಸ್ತೆ ನವೆಂಬರ್‌ನಿಂದ ಫೆಬ್ರುವರಿಯವರೆಗೆ ನಿಚ್ಚಳವಾಗಿರುತ್ತದೆ. ಅಲ್ಲಿಂದ ಮುಂದೆ ಕಣಕುಂಬಿ. ಕಳಸಾ-ಬಂಡೂರಿ ವಿವಾದದಿಂದಾಗಿ ಪತ್ರಿಕೆಗಳಲ್ಲಿ ಪದೇ ಪದೇ ಕಾಣಿಸಿಕೊಂಡ ಈ ಊರು ಮಲಪ್ರಭೆಯ ಉಗಮಸ್ಥಾನವೂ ಹೌದು. ಇನ್ನಷ್ಟು ಮುಂದೆ ಸಾಗಿದರೆ ಜಾಂಬೋಟಿ, ಬಳಿಕ ಬೆಳಗಾವಿ. ಸಂಜೆಯಾಗುತ್ತಲೇ ಪ್ರವಾಸಿಗನು ಅದೇ ದಾರಿಯಲ್ಲಿ ಕರಾವಳಿಗೆ ಮರಳುತ್ತಾನೆ.

ಈ ರಸ್ತೆ ವ್ಯಾಪಾರಸ್ಥರಿಗೆ ಅಪರಿಚಿತವೇನಲ್ಲ. ಬೆಳಗಾವಿ ಮಾರುಕಟ್ಟೆಯ ಕಾಯಿಪಲ್ಲೆ ಗೋವೆಯ ಅಡುಗೆಮನೆಗಳನ್ನು ಸೇರುವುದು ಘಟ್ಟವಿಳಿದೇ. ಇಲ್ಲಿಂದ ಇಳಿಯುವ ವಾಹನ ಸರಕು ತುಂಬಿಕೊಂಡು ಹೋಗುತ್ತದೆ. ಆದರೆ ವಿಹಾರಕ್ಕೆಂದು ಏರಿ ಬರುವ ಕಾರಿನ ಡಿಕ್ಕಿ ಬಹುಪಾಲು ಬರಿದಾಗಿಯೇ ಬಂದು ಬರಿದಾಗಿಯೇ ಹಿಂದಿರುಗುತ್ತದೆ. ಗಡಿಭಾಗದ ಉದ್ದಿಮೆದಾರರು ಗಮನ ಕೊಡಬೇಕಾದುದು ಈ ಬರಿದಾದ ಡಿಕ್ಕಿಗೆ.

ಒಂದು ದಿನದ ಪ್ರವಾಸಿಗನಿಂದ ಲಾಡ್ಜುಗಳಿಗೆ ಆದಾಯವಿಲ್ಲ. ಅವನು ಖರ್ಚು ಮಾಡುವುದು ಊಟ, ಚಹಾ ಹಾಗೂ ಮನೆಗೆ ಒಯ್ಯುವ ವಸ್ತುಗಳಿಗೆ ಮಾತ್ರ. ಬೆಳಗಾವಿಯ ಕುಂದಾ, ಗೋಕಾಕದ ಕರದಂಟು ಈ ಮರ್ಮವನ್ನರಿತೇ ಹೆಸರು ಗಳಿಸಿವೆ. ಅಥಣಿ ಸೀಮೆಯ ಸರಕಿಗೆ ಆ ಯೋಗ ಇನ್ನೂ ಒದಗಬೇಕಾಗಿದೆ.

ಐಗಳಿ, ತೆಲಸಂಗ ಭಾಗದ ಒಣದ್ರಾಕ್ಷಿಯನ್ನೇ ಉದಾಹರಣೆಯಾಗಿ ನೋಡಬಹುದು. ಮಳೆ ಕಡಿಮೆ ಇರುವ ಈ ನೆಲದಲ್ಲಿ ಬೆಳೆಗಾರರು ಕಷ್ಟಪಟ್ಟು ನೀರು ಹೊಂದಿಸಿ ದ್ರಾಕ್ಷಿ ಬೆಳೆಯುತ್ತಾರೆ; ಶೆಡ್ಡುಗಳಲ್ಲಿ ಒಣಗಿಸಿ, ದರ್ಜೆವಾರು ಬೇರ್ಪಡಿಸಿ, 15 ಕಿಲೋ ಪೆಟ್ಟಿಗೆಗಳಲ್ಲಿ ತುಂಬಿ ತಾಸಗಾಂವ, ಸಾಂಗಲಿ, ವಿಜಯಪುರಗಳಿಗೆ ಕಳಿಸುತ್ತಾರೆ. ದರ ನಿಶ್ಚಯವಾಗುವುದು ಅಲ್ಲಿನ ಸವಾಲಿನಲ್ಲಿ. ಪೆಟ್ಟಿಗೆಯ ಮೇಲೆ ಐಗಳಿಯ ಹೆಸರಿದ್ದರೂ ಅಂಗಡಿಯಲ್ಲಿ ಕೊಳ್ಳುವವನ ಕಣ್ಣಿಗೆ ಅದು ಬೀಳುವುದಿಲ್ಲ. ಪ್ರವಾಸಿಗನಿಗೆ ಬೇಕಾಗಿರುವುದು ಪೆಟ್ಟಿಗೆಯಲ್ಲ, ಅರ್ಧ ಕಿಲೋ ಪೊಟ್ಟಣ. ಬೆಲ್ಲದ ಸಂಗತಿಯೂ ಹೀಗೆಯೇ. ಕಬ್ಬಿನ ಗಾಣಗಳು ನಡೆಯುವ ಹಂಗಾಮು ಹಾಗೂ ಘಟ್ಟದ ವಿಹಾರದ ಹಂಗಾಮು ಎರಡೂ ಒಂದೇ ಆಗಿರುವುದು ಅನುಕೂಲದ ಮಾತು.

ಚಪ್ಪಲಿಯ ವಿಷಯವಂತೂ ಇನ್ನಷ್ಟು ವಿಚಾರಾರ್ಹ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿ.ಐ. ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಇದನ್ನೇ ಹೋಲುವ ಪಾದರಕ್ಷೆಯನ್ನು ಮಿಲಾನ್ ನಗರದಲ್ಲಿ ಪ್ರದರ್ಶಿಸಿ ಆಕ್ಷೇಪಕ್ಕೆ ಗುರಿಯಾಯಿತು. ಅದೇ ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು. ಮಿಲಾನ್ ತಲುಪಿದ ಹೆಸರು ಜಾಂಬೋಟಿಯನ್ನು ತಲುಪಲಾರದೆ? ಕೈಯಿಂದ ಹೊಲಿದ ಚಪ್ಪಲಿಯನ್ನು ಕಾಲಿಗೆ ತೊಟ್ಟು ನೋಡಿಯೇ ಕೊಳ್ಳಬೇಕು. ಅಂಗಡಿಯ ಮುಂದೆ ಬಂದು ನಿಲ್ಲುವ ಗಿರಾಕಿಗಿಂತ ಉತ್ತಮ ಗಿರಾಕಿ ಆ ಸರಕಿಗೆ ಸಿಗಲಾರನು.

ಐಗಳಿಯಿಂದ ಘಟ್ಟದ ರಸ್ತೆ ಬಹು ದೂರ, ವಾರದಲ್ಲಿ ಎರಡು ದಿನದ ವ್ಯಾಪಾರಕ್ಕೆ ಮಳಿಗೆ ಹಾಕಿದರೆ ಬಾಡಿಗೆಯೂ ಗಿಟ್ಟದು ಎಂಬ ಆಕ್ಷೇಪ ಸಹಜವಾದದ್ದೇ. ಒಬ್ಬಂಟಿಯಾಗಿ ಮಾಡಿದರೆ ಅದು ನಿಜವೂ ಹೌದು. ಆದ್ದರಿಂದಲೇ ಇದು ಸಾಮೂಹಿಕವಾಗಿ ನಡೆಯಬೇಕಾದ ಕಾರ್ಯ. ದ್ರಾಕ್ಷಿ ಬೆಳೆಗಾರರು, ಗಾಣದವರು, ಚಪ್ಪಲಿ ತಯಾರಕರು ಒಂದೇ ಕಪಾಟನ್ನು ಹಂಚಿಕೊಂಡು, ಜಾಂಬೋಟಿಯಲ್ಲಿ ಈಗಾಗಲೇ ಇರುವ ಹೋಟೆಲ್, ಕಿರಾಣಿ ಅಂಗಡಿಗಳಿಗೆ ಕಮಿಶನ್ ಆಧಾರದ ಮೇಲೆ ಸರಕು ಒದಗಿಸಿದರೆ ಬಂಡವಾಳ ಹಗುರಾಗುತ್ತದೆ. ತಿನ್ನುವ ಪದಾರ್ಥಕ್ಕೆ ಆಹಾರ ಸುರಕ್ಷತಾ ನೋಂದಣಿ, ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಕರ ವಿಳಾಸ ಇವು ಕಡ್ಡಾಯ. ಸರಕನ್ನು ಕೊಂಡವನೇ ಒಯ್ಯುವುದರಿಂದ ಮುಂದಿನ ಸಾಗಣೆಯ ಹೊರೆಯೂ ಇರುವುದಿಲ್ಲ.

ಒಂದು ಎಚ್ಚರಿಕೆಯೂ ಅವಶ್ಯ. ಪಣಜಿಯ ಮುಂದೆ ಮಾಂಡೋವಿಯಾಗಿ ಹರಿಯುವ ಮಹದಾಯಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಈ ಕಾಡುಗಳಲ್ಲಿಯೇ. ಭೀಮಗಡ ಅಭಯಾರಣ್ಯವೂ ಇದೇ ನೆರೆಯಲ್ಲಿದೆ. ಪ್ರವಾಸಿಗನು ಅರಸಿ ಬರುವುದು ಆ ಹಸಿರು ಮತ್ತು ತಂಪನ್ನು. ಘಟ್ಟದ ಅಂಚಿನಲ್ಲಿ ಗೂಡಂಗಡಿ, ಪ್ಲಾಸ್ಟಿಕ್ ಕಸ ಹೆಚ್ಚಿದರೆ ಗಿರಾಕಿಯೂ ಉಳಿಯುವುದಿಲ್ಲ, ಕಾಡೂ ಉಳಿಯುವುದಿಲ್ಲ. ವ್ಯಾಪಾರ ಊರೊಳಗೆ ನಡೆಯಲಿ, ಘಟ್ಟ ಘಟ್ಟವಾಗಿಯೇ ಇರಲಿ.

ಬೆಳೆಗಾರನ ಒಣದ್ರಾಕ್ಷಿಯ ದರವನ್ನು ದೂರದ ಸವಾಲು ನಿರ್ಧರಿಸುವವರೆಗೆ ಅವನಿಗೆ ಮಾತನಾಡುವ ಬಲವಿರುವುದಿಲ್ಲ. ಇಡೀ ಬೆಳೆಯನ್ನು ಪ್ರವಾಸಿಗರಿಗೇ ಮಾರಲು ಸಾಧ್ಯವಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಅಲ್ಪ ಭಾಗವಾದರೂ ತನ್ನ ಹೆಸರಿನಲ್ಲಿ, ತಾನೇ ಹೇಳಿದ ಬೆಲೆಗೆ ಮಾರಾಟವಾದರೆ ಅದರಿಂದ ದೊರೆಯುವ ಧೈರ್ಯ ಸಣ್ಣದಲ್ಲ. ಬರುವ ಚಳಿಗಾಲಕ್ಕೆ ಮುನ್ನವೇ ಸಂಬಂಧಪಟ್ಟ ಸಂಘಗಳು ಒಂದೆಡೆ ಕುಳಿತು ಚರ್ಚಿಸಿ, ಒಂದು ಕಪಾಟಿನಿಂದಲಾದರೂ ಆರಂಭಿಸುವುದು ಉಚಿತ.